ಅತ್ತೆಯ ಗಿಳಿ, ಮಾವನ ದನಿ

ಇಪ್ಪತ್ತೆರಡು ವರ್ಷ ಗುಮಾಸ್ತರಿಗೆ ಪಾಠ ಹೇಳಿದವನಿಗೆ ಒಂದು ಗಿಳಿಗೆ ಪಾಠ ಹೇಳುವುದು ಯಾವ ಲೆಕ್ಕ? "ಐದೇ ವಾರ! ಐದು ವಾರದಲ್ಲಿ ಈ ಹಕ್ಕಿ ಗಂಟೆ ಬಾರಿಸಬೇಕು, ಗಿರಗಿರ ತಿರುಗಬೇಕು, ಕರೆದರೆ ಬಂದು ಕೈಮೇಲೆ ಕೂರಬೇಕು. ಇಲ್ಲದಿದ್ರೆ ನನ್ನನ್ನೇ ಪಂಜರಕ್ಕೆ ಹಾಕು!" ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ.

"ಮೊದ್ಲು ಕೂತು ಊಟ ಮುಗಿಸಿ," ಎಂದಳು ಹೆಂಡತಿ. "ಅಮ್ಮ ಹೇಳಿದ್ದು ಕಾಳು ಹಾಕಿ, ನೀರು ಹಾಕಿ ಅಂತ. ವಿದ್ಯೆ ಹಾಕಿ ಅಂತ ಹೇಳಿಲ್ಲ."

"ವಿದ್ಯೆ ಯಾರೂ ಕದಿಯಲಾರದ ಸಂಪತ್ತು ಕಣೇ!"

"ಅದನ್ನ ನಿಮ್ಮ ಆಫೀಸಿನವರನ್ನ ನೋಡಿದ್ರೇ ಗೊತ್ತಾಗುತ್ತೆ. ಒಬ್ಬರೂ ಮುಟ್ಟಿಲ್ಲ."

ಅದು ನೋವಿನ ವಿಷಯ. ನಮ್ಮ ಕಚೇರಿಯ ಸಿಬ್ಬಂದಿ ತರಬೇತಿ ವಿಭಾಗವೆಂದರೆ ನಾನು, ಒಂದು ಬಿಳಿ ಹಲಗೆ ಮತ್ತು ಬರೆಯದ ಮೂರು ಪೆನ್ನುಗಳು. ಕಡತ ಕಟ್ಟುವುದು ಹೇಗೆಂದು ನಾನು ವಿವರಿಸಿದ ಮೇಲೆ, ಅದುವರೆಗೆ ಸರಿಯಾಗಿ ಕಟ್ಟುತ್ತಿದ್ದವರೂ ಮರೆತ ಉದಾಹರಣೆಗಳಿವೆ. ಈ ಒಂದು ಸಂಗತಿಯನ್ನು ನಾನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಗಿಳಿ ನಮ್ಮದಲ್ಲ, ಅತ್ತೆಯದು. ಹೆಸರು ಗುಂಡಿ. ದರ್ಜಿಯಾಗಿದ್ದ ನಮ್ಮ ಮಾವನ ಅಂಗಡಿಯಲ್ಲಿ ಬೆಳೆದು, ಹೊಲಿದಿಟ್ಟ ಅಂಗಿಗಳ ಗುಂಡಿಗಳನ್ನು ಒಂದೊಂದಾಗಿ ಕಿತ್ತು ಸಂಪಾದಿಸಿಕೊಂಡ ಬಿರುದು ಅದು. ಮಾವ ತೀರಿಕೊಂಡು ಮೂರು ವರ್ಷವಾಯಿತು. ಆದರೆ ಗುಂಡಿ ದಿನಾ ಬೆಳಿಗ್ಗೆ ಅವರದೇ ದನಿಯಲ್ಲಿ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮಾತಾಡುವ ಅದೇ ಮೂಗುದನಿಯಲ್ಲಿ, "ಲೇ, ಕತ್ತರಿ ಎಲ್ಲಿಟ್ಟೇ?" ಎಂದು ಕೂಗುತ್ತಿತ್ತು. ಅತ್ತೆ ಒಳಗಿನಿಂದಲೇ "ಬಟ್ಟೆ ಕೆಳಗೇ ಇದೆ ನೋಡ್ರೀ!" ಎನ್ನುತ್ತಿದ್ದರು. ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆಮೇಲೆ.

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅತ್ತೆ ದೊಡ್ಡ ಮಗಳ ಮನೆಗೆ ಹೊರಟರು. ಅಲ್ಲಿ ಬೆಕ್ಕಿದೆ. ಹೀಗಾಗಿ ಗುಂಡಿ ನಮ್ಮ ಪಾಲಿಗೆ ಬಂತು. ಪಂಜರವನ್ನು ನನ್ನ ಕೈಗೆ ಕೊಡುತ್ತಾ ಅತ್ತೆ, "ಅಳಿಯಂದ್ರೇ, ಬೆಳಿಗ್ಗೆ ಅದು ಕತ್ತರಿ ಕೇಳಿದಾಗ ನೀವು..." ಎಂದು ಶುರುಮಾಡಿದರು.

"ಗೊತ್ತು ಬಿಡಿ ಅತ್ತೆ! ಎಲ್ಲಾ ನಾನು ನೋಡ್ಕೋತೀನಿ," ಎಂದೆ.

ಏನು ಗೊತ್ತಿತ್ತೋ, ದೇವರಿಗೇ ಗೊತ್ತು.

ನನ್ನ ವಿದ್ಯಾಗುರು ಮೊಬೈಲಿನ ವಿಡಿಯೊದಲ್ಲಿ ಬರುವ ಒಬ್ಬ ಗಡ್ಡದವನು. ಅವನ ಭುಜದ ಮೇಲೆ ಸದಾ ಎರಡು ಹಕ್ಕಿಗಳು, ಮುಖದ ಮೇಲೆ ಸದಾ ಒಂದು ನಗು. ಬೈಯಬೇಡಿ, ಹೊಡೆಯಬೇಡಿ, ಹಕ್ಕಿ ನೀವು ಬಯಸಿದ್ದನ್ನು ಮಾಡಿದ ಕ್ಷಣವೇ 'ಟಿಕ್' ಎಂದು ಸದ್ದು ಮಾಡಿ ಒಂದು ಬೀಜ ಕೊಡಿ. ಬೇಡದ್ದನ್ನು ಮಾಡಿದರೆ ಸುಮ್ಮನೆ ಬೆನ್ನು ತಿರುಗಿಸಿ, ಅಷ್ಟೇ. ಇದು ಅವನ ಸಿದ್ಧಾಂತ. ನಾನು ಅದನ್ನು ಸೂತ್ರರೂಪಕ್ಕೆ ಇಳಿಸಿ ಗೋಡೆಗೆ ಅಂಟಿಸಿದೆ: 'ಬೇಕಾದ್ದಕ್ಕೆ ಬೀಜ, ಬೇಡದ್ದಕ್ಕೆ ಬೆನ್ನು.'

ಟಿಕ್ ಎನ್ನಿಸಲು ಕಚೇರಿಯ ಬಾಲ್‌ಪೆನ್ನು. ಬಹುಮಾನಕ್ಕೆ ಸೂರ್ಯಕಾಂತಿ ಬೀಜ. ದಿನಕ್ಕೆ ಎರಡು ತರಗತಿ, ಕಚೇರಿಗೆ ಮುಂಚೆ ಒಂದು, ಬಂದ ಮೇಲೆ ಒಂದು.

ಮೊದಲ ದಿನ ಗುಂಡಿ ನನ್ನನ್ನು ಒಂದೇ ಕಣ್ಣಿನಿಂದ ನೋಡಿತು. ಆಮೇಲೆ ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಎರಡು ಕಣ್ಣುಗಳ ಅಭಿಪ್ರಾಯವೂ ಒಂದೇ ಇದ್ದಂತಿತ್ತು. ಆದರೆ ಅಕಸ್ಮಾತ್ತಾಗಿ ಅದು ಎಡಕ್ಕೆ ವಾಲಿದಾಗ ಟಿಕ್ ಅಂದೆ, ಬೀಜ ಕೊಟ್ಟೆ. ಗುಂಡಿ ಬೀಜ ಸುಲಿದು ತಿಂದು ಯೋಚಿಸಿತು. ಯೋಚಿಸಿತು ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಅದರ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ, ಮೆಣಸಿನಷ್ಟಾಗಿ, ಮತ್ತೆ ಸಾಸಿವೆಯಷ್ಟಾಯಿತು. ಒಳಗೆ ಯಾರೋ ದೀಪ ಹಚ್ಚಿ ಆರಿಸಿ ಏನನ್ನೋ ಹುಡುಕುತ್ತಿದ್ದ ಹಾಗೆ! ಆಮೇಲೆ ಅದು ಬೇಕೆಂದೇ ಎಡಕ್ಕೆ ವಾಲಿತು.

ಟಿಕ್! ನನಗೆ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ನನ್ನ ಕಣ್ಣೆದುರಿಗೇ ಒಂದು ಜೀವ ಏನನ್ನೋ ಕಲಿತಿತ್ತು.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಗುಂಡಿ ಎಡಗಾಲಿನಲ್ಲೇ ಬೀಜ ಹಿಡಿಯುವುದೇಕೆ? ಗಂಟೆಯನ್ನು ಕೊಕ್ಕಿನಿಂದ ಹೊಡೆಯುವ ಮುಂಚೆ ನಾಲಿಗೆಯಿಂದ ಮುಟ್ಟಿ ನೋಡುವುದೇಕೆ? ಒಂದು ಟಿಪ್ಪಣಿ ಪುಸ್ತಕ ಇಟ್ಟೆ. ಎರಡು ವಾರದಲ್ಲಿ ಗುಂಡಿ ಗಿರಗಿರ ತಿರುಗಿತು. ಮೂರನೇ ವಾರಕ್ಕೆ ಗಂಟೆ ಬಾರಿಸಿತು, ಕರೆದರೆ ಬಂದು ಕೈಮೇಲೆ ಕೂತಿತು.

ಒಂದೇ ಅಡ್ಡಿ. ಬೆಳಗಿನ ತರಗತಿಯ ನಟ್ಟನಡುವೆ ಅದು "ಲೇ, ಕತ್ತರಿ ಎಲ್ಲಿಟ್ಟೇ?" ಎಂದು ಕೂಗುತ್ತಿತ್ತು. ಪಾಠದ ಮಧ್ಯೆ ಇದೆಂಥ ಕತ್ತರಿ? ಸೂತ್ರ ಇತ್ತಲ್ಲ, ತಕ್ಷಣ ಬೆನ್ನು ತಿರುಗಿಸುತ್ತಿದ್ದೆ. ಮೊದಲ ವಾರ ದಿನಕ್ಕೆ ಆರು ಸಲ ತಿರುಗಿದೆ. ಎರಡನೇ ವಾರ ಎರಡು ಸಲ. ಮೂರನೇ ವಾರದಲ್ಲಿ ತಿರುಗುವ ಅಗತ್ಯವೇ ಬರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ 'ಅನಗತ್ಯ ಮಾತು ಪೂರ್ಣ ನಿಂತಿದೆ. ಅಭಿನಂದನೆಗಳು' ಎಂದು ನನಗೆ ನಾನೇ ಬರೆದುಕೊಂಡೆ.

ನಾಲ್ಕನೇ ವಾರ ಅತ್ತೆಗೆ ಆಪರೇಷನ್ ಆಯಿತು. ಮರುದಿನ, ಭಾನುವಾರ ಮಧ್ಯಾಹ್ನ, ಫೋನು.

"ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಕಣೇ," ಅತ್ತೆ ಮಗಳಿಗೆ ಹೇಳುತ್ತಿದ್ದುದು ಸ್ಪೀಕರಿನಲ್ಲಿ ಕೇಳಿಸಿತು. "ಇನ್ನೊಂದರಲ್ಲೂ ಪೊರೆ, ಏನೂ ಕಾಣ್ಸಲ್ಲ. ಕಿವಿ ಆದ್ರೂ ತಂಪಾಗ್ಲಿ. ಫೋನ್ ಸ್ವಲ್ಪ ಗುಂಡಿ ಹತ್ರ ಹಿಡಿ, ಅಪ್ಪನ ದನಿ ಕೇಳ್ತೀನಿ."

ಹೆಂಡತಿ ಫೋನನ್ನು ಪಂಜರದ ಹತ್ತಿರ ಹಿಡಿದಳು. ಗುಂಡಿ ಗಿರಗಿರ ತಿರುಗಿತು. ಗಂಟೆ ಬಾರಿಸಿತು. ಬೀಜಕ್ಕಾಗಿ ನನ್ನ ಕಡೆ ನೋಡಿತು.

"ಅದೇನೇ ಗಂಟೆ?"

"ಸ... ಸೈಕಲ್ಲು ಅಮ್ಮ. ಬೀದಿಯಲ್ಲಿ. ಗುಂಡಿ ನಿದ್ದೆ ಮಾಡ್ತಿದೆ. ಸಾಯಂಕಾಲ ಮಾಡು."

ಫೋನ್ ಇಟ್ಟು ನನ್ನ ಕಡೆ ತಿರುಗಿದಳು. "ರೀ. ಅಪ್ಪ ಮಾತಾಡಿ ಎಷ್ಟು ದಿನ ಆಯ್ತು?"

ನಾನು ಟಿಪ್ಪಣಿ ಪುಸ್ತಕವನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವಳು ಕಿತ್ತುಕೊಂಡು ಓದಿದಳು. 'ಅಭಿನಂದನೆಗಳು' ಎಂಬಲ್ಲಿಗೆ ಬಂದಾಗ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಯಮ ಒಂದು ಸಲ ಕರ್ಕೊಂಡು ಹೋದ," ಎಂದಳು ಮೆಲ್ಲಗೆ. "ಇನ್ನೊಂದು ಸಲ ನೀವು."

ಸಂಜೆಗೆ ಇನ್ನು ನಾಲ್ಕೇ ಗಂಟೆ. ನಾನು ಪಂಜರದ ಮುಂದೆ ಕೂತು "ಲೇ, ಕತ್ತರಿ ಎಲ್ಲಿಟ್ಟೇ?" ಎಂದೆ. ಗುಂಡಿ ನನ್ನನ್ನು ಒಮ್ಮೆ ನೋಡಿ, ಸದ್ದಿಲ್ಲದೆ ಬೆನ್ನು ತಿರುಗಿಸಿತು. ಗುರುವಿಗೇ ತಿರುಮಂತ್ರ! ಬೇಡದ ಮಾತಿಗೆ ಏನು ಮಾಡಬೇಕೆಂದು ಅದಕ್ಕೆ ಯಾರು ಕಲಿಸಿದ್ದರು?

ಗಡ್ಡದವನ ವಿಡಿಯೊಗಳನ್ನೆಲ್ಲ ಮತ್ತೆ ಜಾಲಾಡಿದೆ. ಆಡಿದ ಮಾತಿಗೆ ಬೀಜ ಕೊಡುವುದು ಹೇಗೆಂದು ಅವನಿಗೆ ಗೊತ್ತು. ಆಡದ ಮಾತಿಗೆ ಕೊಡುವುದು ಅವನಿಗೂ ಗೊತ್ತಿಲ್ಲ. ಆ ದನಿ ಎಲ್ಲಿ ಹೋಗಿರಬಹುದು? ಮೂರು ವರ್ಷ ಈ ಅಂಗೈಯಗಲದ ಹಕ್ಕಿಯೊಳಗೆ ಒಬ್ಬ ಮನುಷ್ಯನ ದನಿ ಇತ್ತು, ಗುಂಡುಸೂಜಿ ಸಮೇತ! ಮೂರು ವಾರದ ಬೀಜಕ್ಕೆ ಅಳಿಸಿಹೋಯಿತೋ, ಒಳಗೆಲ್ಲೋ ಮಡಿಸಿಟ್ಟಿದೆಯೋ? ಗುಂಡಿಯ ಎದೆಗೆ ಕಿವಿ ಕೊಟ್ಟೂ ನೋಡಿದೆ. ಕಿವಿಗೆ ಕಚ್ಚಿತು.

"ಬೇರೆ ದಾರಿ ಇಲ್ಲ, ಅಮ್ಮನಿಗೆ ನಿಜ ಹೇಳಿಬಿಡೋಣ," ಎಂದಳು ಹೆಂಡತಿ.

"ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿರೋರಿಗಾ? ನಾನೇ ಮಾವನ ಹಾಗೆ ಮಾತಾಡ್ತೀನಿ."

"ಅಪ್ಪ ಬಾಯಲ್ಲಿ ಗುಂಡುಸೂಜಿ ಇಟ್ಕೊಂಡು ಮಾತಾಡ್ತಿದ್ರು. ನಿಮ್ಮದು ಬರೀ ಬಾಯಿ."

ಗುಂಡುಸೂಜಿ ಇಟ್ಟುಕೊಳ್ಳುವಷ್ಟು ಪಶ್ಚಾತ್ತಾಪ ನನಗಾಗಿರಲಿಲ್ಲ. ಮೂರು ಟೂತ್‌ಪಿಕ್ ಕಚ್ಚಿಕೊಂಡು ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಸಂಜೆ ಫೋನು ಬಂದಾಗ ಹೆಂಡತಿ ಅದನ್ನು ನನ್ನ ಬಾಯಿಯ ಮುಂದೆ ಹಿಡಿದು ಕಣ್ಣು ಮುಚ್ಚಿಕೊಂಡಳು.

"ಲೇ, ಕತ್ತರಿ ಎಲ್ಲಿಟ್ಟೇ?"

ಆ ಕಡೆ ಮಂಚ ಕಿರ್ ಎಂದಿತು. ಆಮೇಲೆ, "ಬಟ್ಟೆ ಕೆಳಗೇ ಇದೆ ನೋಡ್ರೀ."

ಗೆದ್ದೆ! ಎಂದುಕೊಳ್ಳುವಷ್ಟರಲ್ಲಿ ಅತ್ತೆ ಮುಂದುವರಿಸಿದರು. "ಆಪರೇಷನ್ ಆಯ್ತು ಕಣ್ರೀ. ತುಂಬಾ ಹೆದರಿಕೆ ಆಗಿತ್ತು. ಕಣ್ಣೇ ಹೋಗಿಬಿಟ್ರೆ ಅಂತ. ಒಳಗೆ ಕರ್ಕೊಂಡು ಹೋಗೋ ಮುಂಚೆ ಪಕ್ಕದಲ್ಲಿ ನಿಂತಿದ್ದ ನರ್ಸ್ ಕೈ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟೆ. ಬಿಡ್ಲೇ ಇಲ್ಲ. ಆಮೇಲೆ ನೋಡಿದ್ರೆ ಅವಳು ನರ್ಸೇ ಅಲ್ಲ, ನೆಲ ಒರೆಸೋಕೆ ಬಂದೋಳು! ಪಾಪ, ಒಂದು ಕೈಲಿ ಒರೆಸೋ ಕೋಲು, ಇನ್ನೊಂದು ಕೈಲಿ ನಾನು. ದೊಡ್ಡವಳಿಗೆ ಇದೆಲ್ಲ ಹೇಳಿಲ್ಲ. ಅವಳು ಆಡ್ಕೊಂಡು ನಗ್ತಾಳೆ."

ಅವರು ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಒಂದು ಅಕ್ಷರವೂ ನನಗೆ ಸೇರಿದ್ದಲ್ಲ. ಫೋನ್ ಇಡುವಂತಿಲ್ಲ, ಉತ್ತರ ಕೊಡುವಂತಿಲ್ಲ. ಒಂದು ಕಡ್ಡಿ ನಾಲಿಗೆಯ ಮೇಲೆ ಜಾರಿ ಗಂಟಲ ಬಾಗಿಲಿಗೆ ಬಂತು. ಕೆಮ್ಮನ್ನು ಅರ್ಧ ನುಂಗಿದೆ, ಅರ್ಧ ಹೊರಗೆ ಬಂತು. ಜೀವನದಲ್ಲಿ ಅಷ್ಟು ಕಳ್ಳತನದ ಭಾವ ನನಗೆ ಯಾವತ್ತೂ ಆಗಿರಲಿಲ್ಲ.

ಅತ್ತೆ ಬರಲು ಇನ್ನು ಒಂಬತ್ತು ದಿನ. ಕಚೇರಿಗೆ ರಜೆ ಹಾಕಿದೆ. ಬೆಳಗಿನಿಂದ ಸಂಜೆಯವರೆಗೆ ಪಂಜರದ ಮುಂದೆ ಕೂತು ಕತ್ತರಿ ಕೇಳಿದೆ. ಕೂತು ಕೇಳಿದೆ, ನಿಂತು ಕೇಳಿದೆ, ಗದರಿ ಕೇಳಿದೆ, ಗೋಗರೆದು ಕೇಳಿದೆ. ಮೂರನೇ ದಿನ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಟೀಚರಮ್ಮ ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದರು.

"ಮೂರು ದಿನದಿಂದ ಕೇಳಿಸ್ಕೋತಾ ಇದ್ದೀನಿ," ಎಂದರು. "ಒಂದು ಕತ್ತರಿಗೋಸ್ಕರ ಹೆಂಡತಿ ಹತ್ರ ಇಷ್ಟು ಬೇಡ್ಕೋಬೇಕಾ? ತಗೊಳ್ಳಿ. ನಿಧಾನಕ್ಕೆ ಕೊಡಿ."

ಅವರ ಹಿಂದೆ ನನ್ನ ಹೆಂಡತಿ ತರಕಾರಿ ಚೀಲ ಹಿಡಿದು ನಿಂತಿದ್ದಳು. ಆ ರಾತ್ರಿ ಊಟಕ್ಕೆ ನನಗೆ ಬಡಿಸಿದ್ದು ಮೌನ.

ಒಂಬತ್ತನೇ ದಿನದವರೆಗೂ ಗುಂಡಿ ಬಾಯಿ ಬಿಡಲಿಲ್ಲ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಚಪ್ಪಲಿ ಬಿಟ್ಟವರೇ ನೀರೂ ಕುಡಿಯದೆ ನೇರವಾಗಿ ಪಂಜರದ ಮುಂದೆ ಕುರ್ಚಿ ಎಳೆದು ಕೂತರು. ಗುಂಡಿ ಅವರನ್ನು ಕಂಡು ಗಿರಗಿರ ತಿರುಗಿತು. ಗಂಟೆ ಬಾರಿಸಿತು.

"ಓಹೋ, ಸೈಕಲ್ಲು!" ಎಂದರು ಅತ್ತೆ.

ಹೆಂಡತಿ ನನ್ನ ಪಕ್ಕೆಗೆ ತಿವಿದಳು. ನಾನು ಗಂಟಲು ಸರಿಪಡಿಸಿಕೊಂಡು, "ಅತ್ತೆ, ಒಂದು ವಿಷಯ ಹೇಳ್ಬೇಕು..." ಎನ್ನುವಷ್ಟರಲ್ಲಿ ಗುಂಡಿ ಕೊಕ್ಕು ತೆರೆಯಿತು.

"ಲೇ, ಕತ್ತರಿ ಎಲ್ಲಿಟ್ಟೇ? ಹೇಳೇ, ದಮ್ಮಯ್ಯ ಅಂತೀನಿ! ನಿನ್ನ ಕಾಲಿಗೆ ಬೀಳ್ತೀನಿ! ನನ್ನ ಮಾನ ಉಳಿಸೇ ನಮ್ಮವ್ವಾ!"

ಮಾವನ ದನಿಯಲ್ಲ. ಗುಂಡುಸೂಜಿಯ ಸುಳಿವೂ ಇಲ್ಲ. ಶುದ್ಧ ನನ್ನ ದನಿ, ಒಂಬತ್ತು ದಿನಗಳ ಗೋಗರೆತವನ್ನು ಒಟ್ಟಾಗಿ ಹಿಂಡಿ ತೆಗೆದ ಹಾಗಿತ್ತು. ನನ್ನ ದನಿಯ ಕೊನೆಯಲ್ಲಿ ಅಷ್ಟೊಂದು ಅಳು ಇರುತ್ತದೆಂದು ನನಗೇ ಗೊತ್ತಿರಲಿಲ್ಲ.

ನಾನು ಎಲ್ಲವನ್ನೂ ಒದರಿದೆ. ಗಡ್ಡದವನು, ಬೀಜ, ಬೆನ್ನು, ಎಲ್ಲ. ಅತ್ತೆ ಗುಂಡಿಯನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಸೆರಗಿನಿಂದ ಅದನ್ನು ಒರೆಸಿದರು. ಆಮೇಲೆ ಎಂದಿನ ಹಾಗೆಯೇ ಹೇಳಿದರು: "ಬಟ್ಟೆ ಕೆಳಗೇ ಇದೆ ನೋಡ್ರೀ."

ನಮ್ಮ ಕಡೆ ತಿರುಗಿದಾಗ ಅವರ ಹೊಟ್ಟೆ ಕುಲುಕುತ್ತಿತ್ತು. "ಮೂವತ್ತೆಂಟು ವರ್ಷ ಆ ಕತ್ತರಿ ಹುಡುಕಿ ಕೊಟ್ಟಿದ್ದೀನಿ. ಒಂದು ದಿನ ದಮ್ಮಯ್ಯ ಅಂದ ಮನುಷ್ಯ ಅಲ್ಲ ಅವರು. ಹೋದ ಮೇಲಾದ್ರೂ ಕಲಿತ್ರಲ್ಲ!"

ನನ್ನ ಎದೆ ಎರಡಂಗುಲ ಉಬ್ಬಿತು. ನಮ್ಮ ತರಬೇತಿ ವಿಭಾಗದಿಂದ ಕೊನೆಗೂ ಒಬ್ಬರು ಉತ್ತೀರ್ಣರಾಗಿದ್ದರು. ಅವರು ಬದುಕಿಲ್ಲ ಎಂಬುದು ಸಣ್ಣ ವಿಷಯ. "ನೋಡಿದ್ರಾ ಅತ್ತೆ, ಇದರ ಹಿಂದಿರೋ ವಿಜ್ಞಾನ ಏನಂದ್ರೆ..." ಎಂದು ಶುರುಮಾಡಿದೆ.

"ಅಳಿಯಂದ್ರೇ," ಅತ್ತೆ ತಡೆದರು, "ಅವತ್ತು ಫೋನಲ್ಲಿ ಬಾಯಿಗೆ ಏನು ತುರುಕ್ಕೊಂಡಿದ್ರಿ?"

ಉಬ್ಬಿದ ಎದೆ ಇದ್ದಲ್ಲಿಗೇ ಬಂತು. "...ಟೂತ್‌ಪಿಕ್ಕು. ಮೂರು."

"ನಾನೂ ಅದೇ ಅಂದ್ಕೊಂಡೆ. ಗಿಳಿ ಎಲ್ಲಾದ್ರೂ ಕೆಮ್ಮುತ್ತಾ? ನುಂಗಿಬಿಟ್ರೇನೋ ಅಂತ ನನಗೆ ದಿಗಿಲು."

"ನಾನು ಅಂತ ಗೊತ್ತಿತ್ತಾ? ಗೊತ್ತಿದ್ದೂ ಅಷ್ಟೆಲ್ಲ ಹೇಳಿದ್ರಾ?"

"ಯಾರಿಗಾದ್ರೂ ಹೇಳ್ಕೋಬೇಕಿತ್ತು. ಈ ಹದಿನೆಂಟು ವರ್ಷದಲ್ಲಿ ನೀವು ಮಧ್ಯೆ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದ್ದು ಅದೊಂದೇ ಸಲ," ಎಂದು ಅತ್ತೆ ಪಂಜರ ಎತ್ತಿಕೊಂಡರು. "ಬರೋ ತಿಂಗಳು ಇನ್ನೊಂದು ಕಣ್ಣಿನ ಆಪರೇಷನ್ ಇದೆ. ಫೋನ್ ಮಾಡ್ತೀನಿ. ಮರೀದೆ ಮೂರೂ ಕಡ್ಡಿ ಇಟ್ಕೊಂಡೇ ತಗೊಳ್ಳಿ."