ಆರು ಸಲ ತಪ್ಪೆನಿಸಿಕೊಂಡ ಅತ್ತೆಯವರ ನೋಂದಣಿ ಕೋರಿ

ಇಂದ,
ಹಾಜರಿ ಸಂಖ್ಯೆ 11, ಸಂಜೆ ಕಂಪ್ಯೂಟರ್ ತರಗತಿ
(ಹಗಲಿನಲ್ಲಿ: ಹೊಲಿಗೆ ಅಂಗಡಿ, ಅಳತೆ ತೆಗೆಯುವ ಮೇಜು)

ಗೆ,
ಮಾನ್ಯ ಶಿಕ್ಷಕಿಯವರು, ಅದೇ ತರಗತಿ

ವಿಷಯ: ಸರಿಯಿದ್ದ ಇಮೇಲ್ ವಿಳಾಸವನ್ನು ತಪ್ಪೆಂದು ತಿರಸ್ಕರಿಸಿದ ಬಗ್ಗೆ.

ಉಲ್ಲೇಖ: "ಕಂಡಕಂಡ ವಿಳಾಸನೆಲ್ಲ ಒಳಗೆ ಬಿಡಬೇಡಮ್ಮ" ಎಂದು ತಾವು ಮೆಟ್ಟಿಲ ಬಳಿ ಹೇಳಿದ ಮಾತು.

ಮಾನ್ಯರೇ,

ಮನೆಯ ವಿಷಯವನ್ನು ಅರ್ಜಿಗೆ ಎಳೆದು ತಂದದ್ದಕ್ಕೆ ಅರ್ಜಿದಾರಳು ಮೊದಲಿಗೇ ಕ್ಷಮೆ ಕೋರುತ್ತಾಳೆ.

೧. ಹೊಸ ತಂಡದ ನೋಂದಣಿಗೆ ತಾವು ಅರ್ಜಿದಾರಳಿಂದ ಪ್ರೋಗ್ರಾಂ ಬರೆಸಿದ್ದು ಸರಿಯಷ್ಟೆ. ಅದು ಆಕೆಯ ಮೊದಲ ಪ್ರೋಗ್ರಾಂ. ಯಾರ ಇಮೇಲ್ ಸರಿ, ಯಾರದು ತಪ್ಪು ಎಂದು ತೀರ್ಮಾನಿಸುವ ಅಧಿಕಾರ ಆಕೆಗೆ ಸಿಕ್ಕಿದ್ದು ಅದೇ ಮೊದಲು. ಆದ್ದರಿಂದ ತರಗತಿಯ ಹದಿಮೂರು ಜನರ ವಿಳಾಸಗಳನ್ನು ಎದುರಿಗಿಟ್ಟುಕೊಂಡು ನಿಯಮ ಬರೆದಳು. ಹದಿಮೂರರಲ್ಲೂ ಹೆಸರಾದ ಕೂಡಲೇ ಎರಡು ಅಂಕೆಗಳಿದ್ದವು. ಆದ್ದರಿಂದ ಎರಡು ಅಂಕೆಯಿಲ್ಲದ್ದು ವಿಳಾಸವೇ ಅಲ್ಲವೆಂದು ನಂಬಿದಳು.

೨. ಅವನ್ನೆಲ್ಲ ಮೊದಲ ದಿನ ತಾವೇ, 01ರಿಂದ 13ರವರೆಗಿನ ಹಾಜರಿ ಸಂಖ್ಯೆ ಸೇರಿಸಿ, ಮಾಡಿಕೊಟ್ಟದ್ದೆಂಬುದು ಆಕೆಗೆ ಹೊಳೆಯಲಿಲ್ಲ. ಪರೀಕ್ಷಿಸಿದ್ದೂ ಅವುಗಳಿಂದಲೇ. ಹದಿಮೂರೂ ಪಾಸಾದವು. ತಾವು ಬೆನ್ನು ತಟ್ಟಿದಿರಿ.

೩. ಅರ್ಜಿದಾರಳಿರುವ ಹೊಲಿಗೆ ಅಂಗಡಿಯಲ್ಲೇ ಗುಂಡಿಗಳ ಕಾಜಾ ಹೊಲಿಯುವ ಅರ್ಜಿದಾರಳ ಅತ್ತೆಯವರಿಗೆ ಕಣ್ಣು ಮಂಜಾಗಿದೆ; ಸೂಜಿಗೆ ದಾರ ಏರುತ್ತಿಲ್ಲ. ಕಂಪ್ಯೂಟರ್ ಕಲಿತರೆ ಆರ್ಡರ್ ಬರೆಯುವ ಕೆಲಸ, ಇಲ್ಲದಿದ್ದರೆ ಮನೆ ಎಂದು ಮಾಲೀಕರು ತಿಳಿಸಿದ್ದಾರೆ. ಸದರಿ ಅತ್ತೆಯವರು ಸೊಸೆಗೂ ಹೇಳದೆ, ಪಕ್ಕದ ಮನೆಯವರಿಂದ ಇಮೇಲ್ ಮಾಡಿಸಿಕೊಂಡು, ಆರು ಸಲ ನೋಂದಾಯಿಸಲು ಯತ್ನಿಸಿದರು. ಆರು ಸಲವೂ ಪರದೆಯ ಮೇಲೆ "ನೀವು ಕೊಟ್ಟದ್ದು ತಪ್ಪು" ಎಂದು ಬಂತು. ಸದರಿ ವಾಕ್ಯವೂ ಅರ್ಜಿದಾರಳದೇ.

೪. ನೋಂದಣಿ ಮುಗಿದ ಮರುದಿನ ಊಟದ ಹೊತ್ತಿಗೆ ಅತ್ತೆಯವರು, "ನಿನ್ನ ಕಂಪ್ಯೂಟರಿಗೆ ನಾನು ಬೇಡ್ವಂತೆ ಕಣೇ. ತಪ್ಪು ತಪ್ಪು ಅಂತ ಆರು ಸಲ ಮುಖದ ಮೇಲೇ ಹೇಳ್ತು," ಎಂದರು.

"ಕಂಪ್ಯೂಟರ್ ಅಲ್ಲ ಅತ್ತೆ, ಹಾಗೆ ಹೇಳಿಸಿದ್ದು ನಾನು."

"ಹನ್ನೆರಡು ವರ್ಷದಿಂದ ಮನೇಲೇ ಹೇಳ್ತಿದ್ದೀಯಲ್ಲ, ಅಷ್ಟು ದೂರ ಹೋಗಿ ಬೇರೆ ಹೇಳ್ಬೇಕಿತ್ತಾ?"

ನಕ್ಕರು. ಆಮೇಲೆ ತಟ್ಟೆ ಎತ್ತಿಕೊಂಡು ಏಳುತ್ತಾ, "ಬಿಡು, ನನ್ನ ತಲೆಗೆ ಹತ್ತೋದಲ್ಲ ಅದು," ಎಂದರು.

೫. ನಿಯಮವನ್ನು ಈಗ ತಿದ್ದಲಾಗಿದೆ. ನಡುವೆ ಒಂದು @ ಚಿಹ್ನೆ, ಅದರ ಆಚೆ ಈಚೆ ಏನಾದರೂ ಇದ್ದರೆ ಸಾಕು. ಮಿಕ್ಕಿದ್ದನ್ನು ಆ ವಿಳಾಸಕ್ಕೆ ಒಂದು ಪತ್ರ ಕಳಿಸಿ ನೋಡಿದರೆ ತಿಳಿಯುತ್ತದೆ.

ಆದ್ದರಿಂದ, ಅವಧಿ ಮೀರಿದ್ದರೂ ಅತ್ತೆಯವರನ್ನು ಸೇರಿಸಿಕೊಳ್ಳಬೇಕಾಗಿಯೂ, ತಪ್ಪು ಅವರದಲ್ಲವೆಂದು ತಾವೇ ಖುದ್ದಾಗಿ ಹೇಳಬೇಕಾಗಿಯೂ ಪ್ರಾರ್ಥನೆ. ಸೊಸೆಯ ಮಾತನ್ನು ಅವರು ನಂಬುತ್ತಿಲ್ಲ.

ತಮ್ಮ ವಿಶ್ವಾಸ ಇನ್ನೂ ಉಳಿದಿದೆಯೆಂದು ಆಶಿಸುವ,
ಹಾಜರಿ ಸಂಖ್ಯೆ 11

ಲಗತ್ತುಗಳು:
ಅ) ಹಳೆಯ ನಿಯಮ.
ಆ) ಹೊಸ ನಿಯಮ, ಅದಕ್ಕಿಂತ ಚಿಕ್ಕದು.
ಇ) ಅತ್ತೆಯವರ ಇಮೇಲ್ ವಿಳಾಸ, ಅವರದೇ ಕೈಬರಹದಲ್ಲಿ. ಅಂಕೆಗಳಿಲ್ಲ.

ವಿ.ಸೂ.: ಹೊಸ ತಂಡಕ್ಕೆ ನಾಲ್ವರಷ್ಟೇ ಸೇರಿದ್ದಾರೆ. ಪ್ರೋಗ್ರಾಂ ಒಟ್ಟು ನಲವತ್ತೊಂದು ಸಲ ತಪ್ಪು ಎಂದಿದೆ. ಅದರಲ್ಲಿ ಆರು ಅತ್ತೆಯವರದು. ಆದ್ದರಿಂದ ನೋಂದಣಿಯನ್ನು ಇನ್ನೊಂದು ವಾರ ತೆರೆದಿಡಬೇಕಾಗಿ ಕೋರಿಕೆ. ತಿರಸ್ಕರಿಸಿದ ವಿಳಾಸಗಳನ್ನು ಪ್ರೋಗ್ರಾಂ ಇಟ್ಟುಕೊಳ್ಳುವುದಿಲ್ಲವಾದ ಕಾರಣ, ಉಳಿದ ಮೂವತ್ತೈದು ಸಲ ಬಂದು ಹೋದವರು ಯಾರೆಂದು ಅರ್ಜಿದಾರಳಿಗೆ ಗೊತ್ತಿಲ್ಲ.