ಗುಣವಾದವರಿಗೆ ಪೈಪು

ಉಚ್ಚಿಲದ ದೇಜಪ್ಪನವರಿಗೆ ಸೊಂಟ ಹಿಡಿದುಕೊಂಡದ್ದು ದೋಣಿ ಎಳೆಯುವಾಗ. ಅಂದಿನಿಂದ ನೋವಿನ ಮಾತ್ರೆಗಳನ್ನು ಬರಿಹೊಟ್ಟೆಗೆ ಹುರಿಗಡಲೆಯಂತೆ ಎಸೆದುಕೊಳ್ಳುತ್ತಿದ್ದರು. ಸೊಂಟ ಸುಮ್ಮನಾಯಿತು, ಹೊಟ್ಟೆ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಬಲೆ ಹೆಣೆಯುತ್ತಿದ್ದವರು ದಡಕ್ಕನೆ ಎದ್ದು ಅಂಗಳದಲ್ಲಿ ರಕ್ತ ಕಾರಿದರು.

ಹೆಂಡತಿ ಸರಸ ಬೊಬ್ಬೆ ಹಾಕಿದ್ದೇ ತಡ, ಪಕ್ಕದ ಮನೆಯ ಬ್ಯಾಪ್ಟಿಸ್ಟರು ಕಾರು ತಂದರು. ಕುವೈಟಿನಲ್ಲಿದ್ದು ಬಂದವರು. ಅಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬ ನಂಬಿಕೆಯವರು.

"ಹೆದರಬೇಡಿ ದೇಜಪ್ಪಣ್ಣ. ಮಣಿಪಾಲದಲ್ಲಿ ಈಗ ಬಾಯಿಯಿಂದ ಹೊಟ್ಟೆಗೆ ಪೈಪು ಇಳಿಸಿ ಒಳಗೆಲ್ಲ ನೋಡುತ್ತಾರೆ. ಹೋದ ಕೂಡಲೇ ಹಾಕಿಸುವ."

"ಎಷ್ಟು ದಪ್ಪ ಉಂಟು ಅದು?"

ಬ್ಯಾಪ್ಟಿಸ್ಟರು ಸ್ಟೇರಿಂಗ್ ಬಿಟ್ಟು ಬೆರಳೆತ್ತಿ ತೋರಿಸಿದರು. ತೂಫಾನಿಗೂ ಜಗ್ಗದ ದೇಜಪ್ಪನವರು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರ್ ಲೊರ್ನಾ ಬಂದರು. ಸಣ್ಣ ಆಳು, ಸಣ್ಣ ಸ್ವರ. ನಾಡಿ ಹಿಡಿದರು, ಪ್ರೆಶರ್ ನೋಡಿದರು. ನರ್ಸಿಗೆ ಏನೋ ಹೇಳಿದ್ದೇ, ದೇಜಪ್ಪನವರ ಎರಡೂ ಕೈಗೆ ಸೂಜಿ ಏರಿತು.

"ಪೈಪು ಯಾವಾಗ ಮೇಡಂ?" ಎಂದರು ಬ್ಯಾಪ್ಟಿಸ್ಟರು.

"ಈಗ ಬೇಡ."

ಮಹಾಲಕ್ಷ್ಮಿಯೇ ಬಿಳಿಕೋಟು ತೊಟ್ಟು ಬಂದಳೆನಿಸಿತು ದೇಜಪ್ಪನವರಿಗೆ.

"ಎಂತ ಬೇಡ? ಕುವೈಟಿನಲ್ಲಾದರೆ ಬಾಗಿಲಲ್ಲೇ ಹಾಕುತ್ತಿದ್ದರು!"

"ಪ್ರೆಶರ್ ತೀರಾ ಇಳಿದಿದೆ. ಈಗ ಪೈಪು ಹಾಕಿದರೆ ಜೀವಕ್ಕೇ ಅಪಾಯ. ಮೊದಲು ಹೋದ ರಕ್ತ ತುಂಬಲಿ. ಇವರು ಚೇತರಿಸಿಕೊಳ್ಳಲಿ. ಆಮೇಲೆ ನೋಡುವ."

ಚೇತರಿಸಿಕೊಂಡರೆ ಪೈಪು ತಪ್ಪುತ್ತದೆ ಎಂದೇ ದೇಜಪ್ಪನವರು ಅರ್ಥ ಮಾಡಿಕೊಂಡರು. ಮರದ ದಿಮ್ಮಿಯಂತೆ ಅಲುಗಾಡದೆ ಮಲಗಿ, ಮೈಯೆಲ್ಲ ಮನಸ್ಸಿಟ್ಟು ಗುಣವಾಗತೊಡಗಿದರು.

ಬ್ಯಾಪ್ಟಿಸ್ಟರು ಸುಮ್ಮನಿರಲಿಲ್ಲ. ದೊಡ್ಡ ಡಾಕ್ಟರನ್ನು ಹುಡುಕಿ ದೂರು ಕೊಟ್ಟರು. "ಲೊರ್ನಾ ಹೇಳಿದ ಮೇಲೆ ಮುಗಿಯಿತು ಮಾರಾಯ್ರೆ," ಎಂದು ಅವರು ನಕ್ಕು ಕಳಿಸಿದರು.

ಮಧ್ಯಾಹ್ನ ಮತ್ತೊಮ್ಮೆ ರಕ್ತ ಬಂತು. ದೇಜಪ್ಪನವರ ಮುಖ ಸುಣ್ಣದಂತಾಯಿತು, ಸರಸ ಡಾಕ್ಟರನ್ನು ಕರೆಯಲು ಓಡಿದರು. ಲೊರ್ನಾ ಊಟ ಬಿಟ್ಟು ಓಡಿ ಬಂದು, ತಾವೇ ಇನ್ನೊಂದು ಬಾಟಲಿ ರಕ್ತ ಏರಿಸಿ, ನಾಡಿಯ ಮೇಲೆ ಬೆರಳಿಟ್ಟು ಕುಳಿತರು. ಗಡಿಬಿಡಿಯಿಲ್ಲ, ಒಂದು ಜೋರು ಮಾತಿಲ್ಲ. ಆ ಬೆರಳು ಇರುವವರೆಗೆ ತಾನು ಸಾಯಲಾರೆ ಎಂದು ದೇಜಪ್ಪನವರಿಗೆ ಧೈರ್ಯ ಬಂತು. ಬ್ಯಾಪ್ಟಿಸ್ಟರೂ ಕುವೈಟ್ ಮರೆತು ನಿಂತರು.

ಸಂಜೆಗೆ ಮೈಗೆ ಬಿಸಿ ಬಂತು, ಮುಖಕ್ಕೆ ಬಣ್ಣ ಬಂತು. ಲೊರ್ನಾ ಬಂದದ್ದೇ ದೇಜಪ್ಪನವರು ಎದೆಯುಬ್ಬಿಸಿದರು.

"ಡಾಕ್ಟ್ರೇ, ನಾನು ಫಸ್ಟ್ ಕ್ಲಾಸ್! ಉಚ್ಚಿಲಕ್ಕೆ ನಡೆದೇ ಹೋಗುತ್ತೇನೆ."

ಲೊರ್ನಾ ಪ್ರೆಶರ್ ನೋಡಿದರು. ಬೆಳಗ್ಗಿನಿಂದ ಮೊದಲ ಬಾರಿಗೆ ಮುಖ ಅರಳಿತು. "ಭೇಷ್! ಇದಕ್ಕೇ ಕಾಯುತ್ತಿದ್ದೆ."

"ಹಾಗಾದರೆ ಮನೆಗಾ?"

"ಅಲ್ಲ, ಪೈಪಿಗೆ."

ಪೈಪು ಇಳಿಯಿತು. ಗಾಯ ಸಿಕ್ಕಿತು, ರಕ್ತ ನಿಂತಿತ್ತು. ಎಲ್ಲ ಮುಗಿದ ಮೇಲೆ ದೇಜಪ್ಪನವರು ತುಂಬಿದ ಕಣ್ಣಿನಿಂದ ಕೈಮುಗಿದರು.

"ಆ ಮಾತ್ರೆ ಇನ್ನು ಮುಟ್ಟಬೇಡಿ," ಎಂದರು ಲೊರ್ನಾ. "ಹೊತ್ತಿಗೆ ಸರಿಯಾಗಿ ಉಂಡು ಗಟ್ಟಿಯಾಗಿ. ಒಂದೂವರೆ ತಿಂಗಳು ಬಿಟ್ಟು ಬನ್ನಿ. ಗಾಯ ಮಾಯಿತಾ ಎಂದು ಪೈಪು ಹಾಕಿ ನೋಡುವ."

ದೇಜಪ್ಪನವರು ಮುಗಿದ ಕೈ ಇಳಿಸದೆ ಕೇಳಿದರು: "ಮಾಯದಿದ್ದರೆ?"

"ಆಗ ಎರಡು ಸಲ."