ಮಾತು ಬಿಟ್ಟ ಕಾರು

ಯಾರಿಗೂ ಇಲ್ಲ ಎನ್ನಲು ಬಾರದಿದ್ದುದೇ ಮೌನೇಶನ ಕಷ್ಟಕ್ಕೆಲ್ಲ ಮೂಲ. ಗದಗಿನ ಕಡೆಯಿಂದ ಬಂದು ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ ಅವನು ನಾಲ್ಕು ತಿಂಗಳ ಹಿಂದೆ ಒಂದು ಹಳೆಯ ಕಾರು ಕೊಂಡಿದ್ದ. ಅಂದಿನಿಂದ ಇಂದಿನವರೆಗೆ ಹೆಂಡತಿ ಭಾಗ್ಯಜ್ಯೋತಿಯನ್ನು ಅದರಲ್ಲಿ ಒಮ್ಮೆಯೂ ಎಲ್ಲಿಗೂ ಕರೆದೊಯ್ದಿರಲಿಲ್ಲ. ಸೋಮವಾರ ಎದುರು ಮನೆಯವರ ಗ್ಯಾಸ್ ಸಿಲಿಂಡರು, ಬುಧವಾರ ಪಕ್ಕದ ಮನೆಯವರ ಹಲ್ಲಿನ ಡಾಕ್ಟರು, ಶುಕ್ರವಾರ ಮನೆ ಓನರ್ ನೀಲಗಂಗಮ್ಮನವರ ಬನಶಂಕರಿ ದೇವಸ್ಥಾನ. ಯಾರೇ ಕೇಳಲಿ, ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಆಗ್ಲಿ ಬಿಡ್ರೀ."

ಹಾಗೆಂದು ನೀಲಗಂಗಮ್ಮ ಕೆಟ್ಟವರಲ್ಲ. ಕಾರು ಬಂದ ದಿನವೇ ತಟ್ಟೆಯಲ್ಲಿ ಹೂವು, ಹಣ್ಣಿನ ಜೊತೆ ಒಂದು ಪ್ಲಾಸ್ಟಿಕ್ ಈಶ್ವರನನ್ನು ತಂದು ಕೊಟ್ಟಿದ್ದರು. ಜಟೆಯ ಸುತ್ತ ಕೆಂಪು, ಹಸಿರು ಬಲ್ಬು. ಸ್ಟೀರಿಂಗಿನ ಪಕ್ಕ ಸಿಗರೇಟು ಹಚ್ಚಲೆಂದು ಇರುವ ತೂತಿಗೆ ಅದರ ವೈರು ಸಿಕ್ಕಿಸಿದರೆ ಈಶ್ವರ ಮದುವೆಮನೆಯ ಚಪ್ಪರದ ಹಾಗೆ ಮಿನುಗುತ್ತಿದ್ದ. ಮೌನೇಶ ಅದಕ್ಕೂ ಆಗ್ಲಿ ಬಿಡ್ರೀ ಅಂದಿದ್ದ. ಹೋದ ವಾರ ಆ ಬಲ್ಬುಗಳು ಆರಿಹೋದವು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

"ಬ್ಯಾಡ ಅನ್ನಾಕ ನಿಮಗ ಬಾಯಿಲ್ಲ," ಎಂದಳು ಭಾಗ್ಯಜ್ಯೋತಿ. "ಗಾಡೀನ ಇರಲಿಲ್ಲಂದ್ರ ಯಾರು ಕೇಳ್ತಾರ? ಮಾರಿಬಿಡ್ರಿ."

ಪದ್ಮನಾಭನಗರದಲ್ಲಿ ಕಂಪ್ಯೂಟರ್ ಟ್ಯೂಷನ್ ನಡೆಸುವ ಗೌರೀಶಂಕರ ಕೊಳ್ಳಲು ಮುಂದೆ ಬಂದ. ಅವನಿಗೆ ಮನುಷ್ಯರ ಮಾತಿನಲ್ಲಿ ನಂಬಿಕೆಯಿರಲಿಲ್ಲ. ತಮ್ಮನೊಬ್ಬ ದುಬೈನಿಂದ ತಂದುಕೊಟ್ಟಿದ್ದ ಸ್ಕ್ಯಾನರೊಂದು ಅವನ ಬಳಿ ಇತ್ತು. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಅದನ್ನು ಜೋಡಿಸಿದರೆ ಕಾರಿನೊಳಗಿನ ಕಂಪ್ಯೂಟರು ತನ್ನ ಕಾಯಿಲೆಯನ್ನೆಲ್ಲ ಅದಕ್ಕೆ ಒಪ್ಪಿಸುತ್ತದಂತೆ. ಬುಧವಾರ ಸಂಜೆ ಬಂದು ಮೂರು ಸಲ ಜೋಡಿಸಿದ. ಮೂರು ಸಲವೂ ಪರದೆಯ ಮೇಲೆ 'ಸಂಪರ್ಕ ಇಲ್ಲ' ಎಂದೇ ಬಂತು.

"ನಿಮ್ಮ ಗಾಡಿ ಮಾತಾಡ್ತಿಲ್ಲ ಸಾರ್. ನಾಳೆ ಸಂಜೆ ಐದಕ್ಕೆ ಅಮ್ಮನ್ನ ಕರ್ಕೊಂಡು ಬರ್ತೀನಿ, ಅಷ್ಟರಲ್ಲಿ ಮಾತಾಡೋ ಹಾಗೆ ಮಾಡ್ಸಿ. ಇಲ್ಲಾಂದ್ರೆ ಗೊಟ್ಟಿಗೆರೆಯಲ್ಲಿ ಇನ್ನೊಂದು ಗಾಡಿ ನೋಡಿಟ್ಟಿದೀನಿ."

ಗುರುವಾರ ಮೌನೇಶ ಆಫೀಸಿಗೆ ರಜೆ ಹಾಕಿದ. ಕಾರು ತೆಗೆಯುವಷ್ಟರಲ್ಲಿ ನೀಲಗಂಗಮ್ಮನವರ ಯಜಮಾನರು ಶಾಂತವೀರಪ್ಪ ಪಕ್ಕದ ಸೀಟಿನಲ್ಲಿ ಕೂತಾಗಿತ್ತು. "ಒಬ್ರೇ ಹೋದ್ರೆ ಮೆಕ್ಯಾನಿಕ್‌ಗಳು ಟೋಪಿ ಹಾಕ್ತಾರೆ ಮೌನೇಶ್. ನಾನಿದೀನಿ."

"ಆಗ್ಲಿ ಬಿಡ್ರೀ."

ಮೂಲೆಯ ಗ್ಯಾರೇಜಿನ ಚಿನ್ನಪ್ಪನ ಹತ್ತಿರವೂ ಒಂದು ಸ್ಕ್ಯಾನರಿತ್ತು. ಜೋಡಿಸಿದ. ಸಂಪರ್ಕ ಇಲ್ಲ. ಕೇಬಲ್ ಬದಲಾಯಿಸಿದ. ಇಲ್ಲ. ಇಗ್ನಿಷನ್ ಆಫ್ ಮಾಡಿ ಆನ್ ಮಾಡಿದ. ಇಲ್ಲ. ಕೊನೆಗೆ ಸತ್ತವರ ಮನೆಗೆ ಬಂದವನಂತೆ ತಲೆ ತಗ್ಗಿಸಿ, "ಕಂಪ್ಯೂಟರ್ ಹೋಗ್ಬಿಟ್ಟಿದೆ ಸಾರ್," ಎಂದ.

"ಬ್ಯಾಟರಿ ವೈರ್ ಕಿತ್ತು ಹಾಕಪ್ಪ, ಸರಿಹೋಗತ್ತೆ," ಎಂದರು ಶಾಂತವೀರಪ್ಪ. ಅವರ ಮನೆಯ ರೇಡಿಯೊ ಹಿಂದೊಮ್ಮೆ ಹಾಗೆ ಸರಿಹೋಗಿತ್ತು.

ಚಿನ್ನಪ್ಪ ಬ್ಯಾಟರಿಯ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಅದು ಸಾಲದೆಂದು ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಇನ್ನೂ ನಾಲ್ಕಾರು ವೈರುಗಳನ್ನು ಎಳೆದಾಡಿದ. ಸ್ಕ್ಯಾನರು ಮಾತಾಡಲಿಲ್ಲ. ಆದರೆ ಮೌನೇಶ ಬ್ರೇಕ್ ಒತ್ತಿದಾಗ ಹಾರ್ನ್ ಹೊಡೆದುಕೊಂಡಿತು. ಬಿಟ್ಟ, ನಿಂತಿತು. ಮತ್ತೆ ಒತ್ತಿದ, ಮತ್ತೆ ಹೊಡೆದುಕೊಂಡಿತು.

"ಇದು ನಿನ್ನೆ ಇತ್ತಾ ಸಾರ್?" ಎಂದ ಚಿನ್ನಪ್ಪ.

"ಬಿಡ್ರೀ ಮೌನೇಶ್," ಎಂದರು ಶಾಂತವೀರಪ್ಪ. "ಶ್ರೀನಗರದಲ್ಲಿ ನಮ್ಮ ಸಂಜೀವಯ್ಯ ಇದಾನೆ. ನಲವತ್ತು ವರ್ಷದಿಂದ ಗಾಡಿ ವೈರಿಂಗೇ ಮಾಡ್ತಿದಾನೆ. ನಡೀರಿ."

ಬೆಂಗಳೂರಿನಲ್ಲಿ ಬ್ರೇಕ್ ಒತ್ತದೆ ಬಿ.ಟಿ.ಎಂ.ನಿಂದ ಶ್ರೀನಗರಕ್ಕೆ ಹೋಗಲು ಹಕ್ಕಿಗಳಿಗೆ ಮಾತ್ರ ಸಾಧ್ಯ. ಜಯನಗರ ದಾಟುವ ಹೊತ್ತಿಗೆ ಇಡೀ ರಸ್ತೆ ತಿರುಗಿ ಇವರನ್ನೇ ನೋಡುತ್ತಿತ್ತು. ಶಾಂತವೀರಪ್ಪ ನಾಚಿಕೆಯಿಂದ ಹೆಗಲ ಟವೆಲನ್ನು ಮುಖಕ್ಕೆ ಎಳೆದುಕೊಂಡು ಸೀಟಿಗೆ ಒರಗಿದರು. ಸಿಗ್ನಲ್ಲಿನಲ್ಲಿ ಹಾರ್ನ್ ಒಂದೇ ಸಮನೆ ಬಡಿದುಕೊಳ್ಳುತ್ತಿರುವಾಗ ಟ್ರಾಫಿಕ್ ಪೊಲೀಸಿನವರು ಓಡಿಬಂದು ಒಳಗೆ ಬಗ್ಗಿ ನೋಡಿದರು. ಟವೆಲ್ ಹೊದ್ದ ಮುದುಕರು, ಬೆವರುತ್ತಿರುವ ಹುಡುಗ. ಪೊಲೀಸಿನವರ ಮುಖ ಮೆತ್ತಗಾಯಿತು.

"ತಂದೆಯವರಾ? ಹೆದರ್ಬೇಡಿ, ಆಸ್ಪತ್ರೆ ಇಲ್ಲೇ ಎಡಕ್ಕೆ," ಎಂದು ನಾಲ್ಕೂ ಕಡೆಯ ವಾಹನ ನಿಲ್ಲಿಸಿ ದಾರಿ ಬಿಡಿಸಿಕೊಟ್ಟರು. ಅಷ್ಟು ಒಳ್ಳೆಯ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? ಮೌನೇಶ ಎಡಕ್ಕೆ ತಿರುಗಿಸಿದ.

ಆಸ್ಪತ್ರೆಯ ಬಾಗಿಲಲ್ಲಿ ಹಾರ್ನ್ ಕೇಳಿದ್ದೇ ಗಾಲಿಕುರ್ಚಿ ಬಂತು. "ನಂಗೇನೂ ಆಗಿಲ್ಲಮ್ಮ," ಎಂದು ಶಾಂತವೀರಪ್ಪ ಹೇಳುತ್ತಲೇ ಇದ್ದರು. "ಎಲ್ರೂ ಹಾಗೇ ಅಂತಾರೆ ತಾತ," ಎಂದು ನರ್ಸಮ್ಮ ಅವರ ಕೈಗೆ ಪಟ್ಟಿ ಸುತ್ತಿದಳು. ಬಿ.ಪಿ. ಜಾಸ್ತಿಯಿತ್ತು. ಇರದೆ ಏನು ಮಾಡೀತು? ಅಲ್ಲಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಎರಡು ಗಂಟೆ ಹೊಡೆದಿತ್ತು.

ಸಂಜೀವಯ್ಯ ಸ್ಟೂಲಿನ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. ಕತೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಸಿಗರೇಟ್ ಹಚ್ಚೋದು ಕೆಲಸ ಮಾಡ್ತಿದ್ಯಾ?"

"ನಾ ಸೇದೂದಿಲ್ರಿ."

"ಸೇದ್ತೀರಾ ಅಂತ ಕೇಳ್ಲಿಲ್ಲಪ್ಪ."

ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದು ಬೆರಳುಗುರಿನಷ್ಟು ಚಿಕ್ಕ ಫ್ಯೂಸೊಂದನ್ನು ಕಿತ್ತು ಬೆಳಕಿಗೆ ಹಿಡಿದರು. ಒಳಗಿನ ಎಳೆ ಸುಟ್ಟಿತ್ತು. "ಸ್ಕ್ಯಾನರ್ ಸಾಕೆಟ್ಟಿಗೂ ಆ ತೂತಿಗೂ ಈ ಗಾಡೀಲಿ ಒಂದೇ ಫ್ಯೂಸು. ಅಲ್ಲಿ ಕರೆಂಟೇ ಇಲ್ದಿದ್ರೆ ಹೇಗೆ ಮಾತಾಡತ್ತೆ? ಕಂಪ್ಯೂಟರ್ ಕಲ್ಲುಗುಂಡಿನ ಹಾಗಿದೆ." ಇದ್ದ ಒಂದೇ ಹೊಸ ಫ್ಯೂಸು ಹಾಕಿದರು, ಹಾರ್ನಿನ ವೈರು ಸರಿಪಡಿಸಿದರು. ಆಮೇಲೆ ಈಶ್ವರನ ವೈರನ್ನು ಎತ್ತಿ ಅದರ ಬೆತ್ತಲೆ ತಂತಿಯನ್ನು ತೋರಿಸಿದರು. "ಫ್ಯೂಸ್ ಸುಟ್ಟಿದ್ದು ಇವನೇ. ಇನ್ನು ಇವನ್ನ ಸಿಕ್ಕಿಸ್ಬೇಡಿ." ದುಡ್ಡು ಮುಟ್ಟಲಿಲ್ಲ. ಇಬ್ಬರ ಬೊಗಸೆಗೂ ಕಡ್ಲೆಪುರಿ ಸುರಿದು ಕಳಿಸಿದರು. ಮೌನೇಶ ಈಶ್ವರನನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟ. ಶಾಂತವೀರಪ್ಪ ಮನೆ ಸೇರಿದವರೇ ಬಿ.ಪಿ. ಮಾತ್ರೆ ನುಂಗಿ ಮಲಗಿಬಿಟ್ಟರು.

ಐದಕ್ಕೆ ಸರಿಯಾಗಿ ಗೌರೀಶಂಕರ ತಾಯಿ ಮುನಿವೆಂಕಟಮ್ಮನವರೊಂದಿಗೆ ಬಂದ. ಸ್ಕ್ಯಾನರು ಜೋಡಿಸಿದ. ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರ ಮೂಡಿತು. "ಮಾತಾಡ್ತಿದೆ!" ಎಂದ. ಮೌನೇಶನಿಗೆ ಹೆಂಡತಿಯೊಂದಿಗೆ ಆರಾಮಾಗಿ ಬಸ್ಸಿನಲ್ಲಿ ಹೋಗುವ ದೃಶ್ಯ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ನೀಲಗಂಗಮ್ಮ ಆರತಿ ತಟ್ಟೆ ಹಿಡಿದು ಬಂದರು. "ಗಾಡಿ ಬೇರೆ ಮನೆಗೆ ಹೋಗೋವಾಗ ಬರಿದಾಗಿ ಕಳಿಸ್ಬಾರ್ದು. ಅಯ್ಯೋ, ದೀಪದ ಈಶ್ವರ ಎಲ್ಲಿ?"

"ಡಿಕ್ಕಿಯಾಗ ಅದಾನ್ರೀ," ಎಂದ ಮೌನೇಶ.

ಮುನಿವೆಂಕಟಮ್ಮ ಕೆನ್ನೆ ಬಡಿದುಕೊಂಡರು. "ಡಿಕ್ಕೀಲಿ ದೇವ್ರಾ? ಮೊದ್ಲು ಈಚೆಗೆ ತೆಗೀರಪ್ಪ. ದೀಪ ಹಚ್ಚಿ. ನಾನು ಕೈ ಮುಗಿದ ಮೇಲೇ ಮಿಕ್ಕ ಮಾತು."

ಮೌನೇಶ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಗೆಯ ತುದಿಯವರೆಗೂ ಬಂತು. ಇಬ್ಬರು ಹಿರಿಯ ಹೆಂಗಸರು ಅವನನ್ನೇ ನೋಡುತ್ತಿದ್ದರು.

"ಆಗ್ಲಿ ಬಿಡ್ರೀ," ಎಂದ. ಮಹಡಿಯಲ್ಲಿ ನಿಂತಿದ್ದ ಭಾಗ್ಯಜ್ಯೋತಿ ಹಣೆ ಚಚ್ಚಿಕೊಂಡಳು.

ವೈರು ಸಿಕ್ಕಿಸಿದ್ದೇ ಈಶ್ವರ ಒಂದು ಸಲ ಕೆಂಪಗೆ, ಒಂದು ಸಲ ಹಸಿರಾಗಿ ಮಿನುಗಿದ. ಟಪ್ ಎಂದು ಸಣ್ಣ ಸದ್ದಾಯಿತು. ದೀಪ ಆರಿತು. ಸ್ಕ್ಯಾನರಿನ ಪರದೆಯ ಮೇಲೆ 'ಸಂಪರ್ಕ ಇಲ್ಲ' ಎಂದು ಮೂಡಿತು.

"ಫ್ಯೂಸ್ ಅಷ್ಟರೀ, ಬ್ಯಾರೆ ಏನೂ ಇಲ್ರಿ..." ಎಂದ ಮೌನೇಶ. ಯಾರೂ ಕೇಳಿಸಿಕೊಳ್ಳಲಿಲ್ಲ. "ದೇವ್ರೇ ಬೇಡ ಅಂದ್ಮೇಲೆ ಬೇಡಪ್ಪ," ಎಂದರು ಮುನಿವೆಂಕಟಮ್ಮ. ಮಗ ಗೊಟ್ಟಿಗೆರೆಯವರಿಗೆ ಫೋನ್ ಹಚ್ಚಿದ.

ಅವರು ಹೋದ ಮೇಲೆ ನೀಲಗಂಗಮ್ಮ ಒಂದು ಲೋಟ ಮಜ್ಜಿಗೆ ತಂದು ಮೌನೇಶನ ಕೈಗಿಟ್ಟು ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ನಮ್ಮ ಅಣ್ಣನ ಮಗ ರೇವಂತನ ಕಾರಲ್ಲೂ ಹೀಗೇ ಆಗ್ತಿತ್ತು," ಎಂದರು.

"ಏನಂದ್ರಿ?"

"ಈ ಈಶ್ವರನ್ನ ಹಚ್ಚಿದ್ರೆ ಆಗಾಗ ಟಪ್ ಅಂತಿತ್ತು. ಅವನಿಗೂ ಯಾರೋ ಕೊಟ್ಟಿದ್ದಂತೆ, ಅವನು ತಂದು ನಂಗೆ ಕೊಟ್ಟ. ದೇವರನ್ನ ಎಸೆಯಕ್ಕಾಗತ್ತಾ? ಕಾರಿಲ್ಲದವರಿಗೆ ಕೊಟ್ಟು ಏನು ಪ್ರಯೋಜನ? ಒಂದು ವರ್ಷ ಬೀರುವಿನಲ್ಲಿ ಇಟ್ಕೊಂಡಿದ್ದೆ. ಅಷ್ಟರಲ್ಲಿ ಪಾಪ, ನೀವು ಕಾರು ತಂದ್ರಿ."

ಮೌನೇಶ ಒಂದು ಗುಟುಕು ಮಜ್ಜಿಗೆ ಕುಡಿದ. ಇಂಗು, ಕರಿಬೇವು ಹಾಕಿ ಚೆನ್ನಾಗಿ ಮಾಡಿದ್ದರು.

ನೀಲಗಂಗಮ್ಮ ಅವನ ಬೆನ್ನು ತಟ್ಟಿ ಎದ್ದರು. "ಬೇಜಾರ್ ಮಾಡ್ಕೋಬೇಡಿ. ನಾಳೆ ಶುಕ್ರವಾರ. ಬನಶಂಕರಿಗೆ ಹೋಗಿ, ಬೇಗ ಗಾಡಿ ಮಾರಿಹೋಗ್ಲಿ ಅಂತ ನಿಮ್ಮ ಹೆಸರಲ್ಲಿ ಹರಕೆ ಹೊತ್ಕೊಂಡು ಬರೋಣ. ಏಳು ಗಂಟೆಗೆ ರೆಡಿ ಇರಿ. ಹೇಗೂ ಗಾಡಿ ಇದೆಯಲ್ಲ."